ಐಟಿಸಿ ಗ್ಯಾರಮಂಡ್ ಕಂಡೆನ್ಸ್ಡ್ ಬೇಕಾ, ಇಬಿ ಗ್ಯಾರಮಂಡ್ ಬೇಕಾ?

ಹೆಸರು ಒಂದೇ ಆದರೂ ಈ ಎರಡು ಇಂಗ್ಲಿಷ್ ಫಾಂಟ್‌ಗಳ ಸ್ವಭಾವ ಬೇರೆ ಬೇರೆ. ಪೋಸ್ಟರಿಗೋ ಮುಖಪುಟಕ್ಕೋ ದೊಡ್ಡ ಹೆಡ್ಡಿಂಗ್ ಬೇಕಿದ್ದರೆ ಐಟಿಸಿ ಎಂಬ ಅಮೆರಿಕದ ಫಾಂಟ್ ಕಂಪನಿಯದನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಟೋನಿ ಸ್ಟ್ಯಾನ್ ರೂಪಿಸಿದ ಫಾಂಟ್ ಕುಟುಂಬ ಅದು. ಅದರ ಕಂಡೆನ್ಸ್ಡ್, ಅಂದರೆ ಕಿರಿದಾದ ರೂಪದಲ್ಲಿ ಸಣ್ಣಕ್ಷರಗಳ ಎತ್ತರ ಜಾಸ್ತಿ, ಅಗಲ ಕಡಿಮೆ. ಹಾಗಾಗಿ ಉದ್ದದ ಶೀರ್ಷಿಕೆಯೂ ಒಂದೇ ಸಾಲಿನಲ್ಲಿ ಕೂರುತ್ತದೆ. ಆಪಲ್ 1984ರ ಮ್ಯಾಕಿಂಟಾಷ್ ಜೊತೆ ಇದೇ ಕುಟುಂಬದ ಅಕ್ಷರವನ್ನು ಸುಮಾರು 80% ಅಗಲಕ್ಕೆ ಇಳಿಸಿ ಬಳಸಿತು. 1997ರ ‘ಥಿಂಕ್ ಡಿಫರೆಂಟ್’ ಜಾಹೀರಾತಿನಲ್ಲೂ ಅದೇ ಇತ್ತು. ಎಷ್ಟು ಚೆಂದ ಕಾಣುತ್ತಿತ್ತು, ಅಲ್ವಾ!

ಆದರೆ ಐಟಿಸಿಯ ಕಂಡೆನ್ಸ್ಡನ್ನು 10 ಪಾಯಿಂಟಿನಲ್ಲಿ ಪುಟ ತುಂಬಾ ಹಾಕಿ ನೋಡಿ. ನಿಂತ ಗೆರೆಗಳೇ ಬೇಲಿಯ ಹಾಗೆ ಎದ್ದು ಕಾಣುತ್ತವೆ, ಕಣ್ಣು ಬೇಗ ದಣಿಯುತ್ತದೆ. ಪುಸ್ತಕದ ಒಳಪುಟಕ್ಕೆ ಇಬಿ ಗ್ಯಾರಮಂಡೇ ಸರಿ. 1592ರ ಅಚ್ಚಿನ ಮಾದರಿ ಹಾಳೆ ನೋಡಿ ಗೇಯಾರ್ಗ್ ಡಫ್ನರ್ ಮಾಡಿದ್ದು. ಇದರ ಸಣ್ಣ ‘e’ಯ ಕಣ್ಣು, ಅಂದರೆ ಮೇಲಿನ ಮುಚ್ಚಿದ ಜಾಗ, ಪುಟ್ಟದು, ಸಾಲುಗಳ ನಡುವೆ ಗಾಳಿಯಾಡುತ್ತದೆ. ಐಟಿಸಿಗೆ ಲೈಸೆನ್ಸ್ ಕೊಳ್ಳಬೇಕು, ಇದು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಉಚಿತ ಅಂತ ಇಬಿಯನ್ನೇ ಸುಮ್ನೆ ಸಾಫ್ಟ್‌ವೇರಿನಲ್ಲಿ ಅದುಮಿ ಕಿರಿದು ಮಾಡಬೇಡಿ. ನಿಂತ ಗೆರೆ ತೆಳುವಾಗುತ್ತದೆ, ಅಡ್ಡ ಗೆರೆ ಹಾಗೇ ಉಳಿಯುತ್ತದೆ, ಅಕ್ಷರ ಸೊರಗುತ್ತದೆ. ಆಪಲ್‌ಗಾಗಿ ಐಟಿಸಿಯದನ್ನು ಕಿರಿದು ಮಾಡಿದಾಗ ಬಿಟ್‌ಸ್ಟ್ರೀಮ್ ಎಂಬ ಫಾಂಟ್ ಕಂಪನಿ ಆ ಗೆರೆಗಳನ್ನೂ ತಿದ್ದಿಕೊಟ್ಟಿತ್ತು.