ಈಜುಕೊಳದ ಸಾಲ್ಟ್ ಸೆಲ್: ಐದು ಬೇಸಿಗೆ ಬಳಸಿದ ಮೇಲೆ

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಬೇಸಿಗೆಯಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್, ಇಲ್ಲಿ ಮಾಮೂಲಿ. ಹಿತ್ತಲಿನ ಪೂಲ್ ಇಡೀ ದಿನ ಬಿಸಿಲಿಗೆ ಮೈಯೊಡ್ಡಿಕೊಂಡು ಬಿದ್ದಿರುತ್ತದೆ. 2021ರ ಮೇ ತಿಂಗಳಲ್ಲಿ ಪೆಂಟೇರ್ ಕಂಪನಿಯ ಇಂಟೆಲಿಕ್ಲೋರ್ ಐಸಿ40 ಹಾಕಿಸಿದೆ. ಇದೊಂದು ಸಾಲ್ಟ್ ಸೆಲ್, ಅಂದರೆ ಪೂಲ್ ನೀರಿಗೆ ಬೆರೆಸಿದ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಯಂತ್ರ. ಈಗ ಐದು ಬೇಸಿಗೆ ಮುಗಿದಿದೆ. ಯಂತ್ರ ಚೆನ್ನಾಗಿದೆ, ನೀರು ಕನ್ನಡಿಯ ಹಾಗಿದೆ. ಆದರೆ ನಾನು ಬರೆಯಬೇಕು ಅಂತ ಕೂತಿದ್ದು ಅದರ ಸೈಜಿನ ಬಗ್ಗೆ. ಅದೊಂದು ತಪ್ಪಿದ್ದಕ್ಕೆ ಇದಕ್ಕೂ ಮೊದಲು ಎರಡು ವರ್ಷ ಒದ್ದಾಡಿದ್ದೇವೆ.

ಮನೆ ಕೊಂಡಾಗ ಪೂಲ್‌ಗೆ ಕ್ಲೋರಿನ್ ಮಾತ್ರೆ ಹಾಕುತ್ತಿದ್ದೆವು. ಮಾತ್ರೆಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಅದು ಕಾಯುತ್ತದೆ, ನಿಜ. ಆದರೆ ನೀರು ಬದಲಿಸುವವರೆಗೂ ಅದು ಅಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ. ಜಾಸ್ತಿಯಾದಂತೆ ಕ್ಲೋರಿನ್‌ನ ಕಸುವು ಕಡಿಮೆ. ಎರಡನೇ ವರ್ಷಕ್ಕೆ ನಮ್ಮ ಪೂಲ್‌ನಲ್ಲಿ ಸಯನ್ಯೂರಿಕ್ ಆಸಿಡ್ 100 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ನೂರು ಪಾಲು) ದಾಟಿತ್ತು. ಅರ್ಧ ನೀರು ಹೊರಗೆ ಚೆಲ್ಲಿ, ಇನ್ನು ಈ ಮಾತ್ರೆಯ ಸಹವಾಸ ಬೇಡ ಅಂತ ಉಪ್ಪಿನ ಯಂತ್ರಕ್ಕೆ ಹೋದೆವು.

ಅದು 2019. ಅಂಗಡಿಯವರು ಒಂದೇ ಪ್ರಶ್ನೆ ಕೇಳಿದರು: ಪೂಲ್ ಎಷ್ಟು ಗ್ಯಾಲನ್? ಉದ್ದ 32 ಅಡಿ, ಅಗಲ 14 ಅಡಿ, ಸರಾಸರಿ ಆಳ ನಾಲ್ಕೂವರೆ ಅಡಿ. ಮೂರನ್ನೂ ಗುಣಿಸಿ, ಬಂದದ್ದನ್ನು ಏಳೂವರೆಯಿಂದ ಗುಣಿಸಿದರೆ ಗ್ಯಾಲನ್ ಸಿಗುತ್ತದೆ. ಸುಮಾರು 15,000 ಬಂತು, ನಮ್ಮ ಲೆಕ್ಕದಲ್ಲಿ 57,000 ಲೀಟರ್. "ಹಾಗಾದ್ರೆ 20,000 ಗ್ಯಾಲನ್‌ನದ್ದು ಸಾಕು, ಇನ್ನೂ ಮಿಗುತ್ತೆ" ಅಂದರು. ನಂಬಿದೆ. ಪೆಟ್ಟಿಗೆ ಮೇಲೂ ಹಾಗೇ ಬರೆದಿತ್ತು. ಕಂಪನಿ ಹೆಸರು ಹೇಳುವುದಿಲ್ಲ, ಏಕೆಂದರೆ ಯಂತ್ರದ ತಪ್ಪೇನೂ ಇರಲಿಲ್ಲ.

ಏಪ್ರಿಲ್‌ವರೆಗೆ ಎಲ್ಲ ಸರಿ ಇತ್ತು. ಜುಲೈನಲ್ಲಿ ಧೂಳಿನ ಬಿರುಗಾಳಿ ಬೀಸಿತು. ಇಲ್ಲಿ ಅದಕ್ಕೆ ಹಬೂಬ್ ಅಂತಾರೆ. ಎರಡು ದಿನ ಬಿಟ್ಟು ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಹೋದರೆ ಮೆಟ್ಟಿಲ ಮೂಲೆಯಲ್ಲಿ ತಿಳಿ ಹಸಿರು. ಕಾಲಿಟ್ಟರೆ ಪಾಚಿ ಜಾರುತ್ತಿತ್ತು. ಯಂತ್ರ ನೋಡಿದರೆ ನೂರಕ್ಕೆ ನೂರು ಓಡುತ್ತಿದೆ, ಹಸಿರು ದೀಪ ಉರಿಯುತ್ತಿದೆ. ಉಪ್ಪು ಸರಿ ಇದೆ. ಅಂಗಡಿಯವರು ಪಾಚಿ ಔಷಧಿ ಕೊಟ್ಟರು. ಮುಂದಿನ ಜುಲೈನಲ್ಲಿ ಮತ್ತೆ ಅದೇ ಕಥೆ. ಸಾಲದ್ದಕ್ಕೆ 2020ರ ಆಗಸ್ಟ್‌ನಲ್ಲಿ ಲಾರಾ ಚಂಡಮಾರುತ ಬಡಿದಾಗ ಲೂಸಿಯಾನಾದಲ್ಲಿ ದೊಡ್ಡದೊಂದು ಕ್ಲೋರಿನ್ ಮಾತ್ರೆ ಕಾರ್ಖಾನೆ ಸುಟ್ಟುಹೋಯಿತು. ಮರುವರ್ಷ ಮಾತ್ರೆಯ ಬೆಲೆ ಏರಿ, ಆ ಕಡೆ ವಾಪಸ್ ಹೋಗುವ ದಾರಿಯೂ ಮುಚ್ಚಿದ ಹಾಗಾಯಿತು.

ದಾರಿ ತೋರಿಸಿದ್ದು ಅಪ್ಪ. ಚನ್ನಗಿರಿ ಹತ್ತಿರ ನಮ್ಮದು ಅಡಿಕೆ ತೋಟ. ಫೋನಿನಲ್ಲಿ ಈ ಗೋಳು ಹೇಳಿಕೊಂಡಾಗ ಅಪ್ಪ ಕೇಳಿದ್ದು ಒಂದೇ ಮಾತು: "ದಿನಕ್ಕೆ ಎಷ್ಟು ತಾಸು ಓಡ್ಸ್ತೀಯ ಮಗಾ ಅದನ್ನ?" ಎಂಟು ಗಂಟೆ ಅಂದೆ. "ಮತ್ತೆ ಅವರು ಹೇಳಿದ ಲೆಕ್ಕ ಎಷ್ಟು ತಾಸಿಂದು?"

ನನಗೆ ಗೊತ್ತಿರಲಿಲ್ಲ. ತೋಟದವರಿಗೆ ಇದು ಮೊದಲು ಬರುವ ಪ್ರಶ್ನೆ. ನಮ್ಮ ಕಡೆ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ದಿನಕ್ಕೆ ಏಳು ತಾಸು ಅನ್ನುವ ಲೆಕ್ಕ. ಅಷ್ಟರಲ್ಲಿ ತೋಟ ನೆನೆಯಬೇಕು. ಮೋಟರ್‌ ಎಷ್ಟು ಎಚ್‌ಪಿ ಬೇಕು ಅನ್ನುವುದು ಎಕರೆ ನೋಡಿ ಮಾತ್ರ ಅಲ್ಲ, ಕರೆಂಟ್ ಇರುವ ತಾಸು ನೋಡಿ ಕೂಡ.

ಅವತ್ತು ರಾತ್ರಿ ಕೈಪಿಡಿ ತೆಗೆದು ಓದಿದೆ. ಸಣ್ಣ ಅಕ್ಷರದಲ್ಲಿ ಇತ್ತು: ದಿನಕ್ಕೆ 0.7 ಪೌಂಡ್ ಕ್ಲೋರಿನ್. ದಿನ ಅಂದರೆ 24 ಗಂಟೆ, ಅದೂ ನೂರಕ್ಕೆ ನೂರು ಓಡಿದರೆ! ಸಾಲ್ಟ್ ಸೆಲ್ ಒಳಗೆ ಟೈಟಾನಿಯಂ ತಗಡುಗಳಿರುತ್ತವೆ. ಉಪ್ಪು ನೀರು ಅವುಗಳ ನಡುವೆ ಹರಿಯುವಾಗ ಕರೆಂಟ್ ಹಾಯಿಸಿ ಕ್ಲೋರಿನ್ ಮಾಡುತ್ತದೆ. ಪಂಪ್ ನಿಂತರೆ ಕ್ಲೋರಿನ್ನೂ ನಿಂತಿತು. ಸಂಜೆ ಹೊತ್ತು ಇಲ್ಲಿ ಕರೆಂಟ್ ದುಬಾರಿ, ಹಾಗಾಗಿ ನಾವು ಪಂಪ್ ಓಡಿಸುವುದು ಎಂಟೇ ಗಂಟೆ. ಅಂದರೆ ಮೂರನೇ ಒಂದು ಭಾಗ. ನನ್ನ ಕೈಗೆ ಬರುತ್ತಿದ್ದದ್ದು ಬರೀ 0.23 ಪೌಂಡ್.

ಅದು ಸಾಕೇ? ಇದನ್ನು ಅಳೆದೇ ನೋಡಬೇಕು, ಊಹೆ ಕೆಲಸಕ್ಕೆ ಬರುವುದಿಲ್ಲ. ನಾನು ಮಾಡಿದ್ದು ಇಷ್ಟು. ಒಂದು ಸಂಜೆ ಯಂತ್ರ ಆರಿಸಿ ಕ್ಲೋರಿನ್ ಅಳೆದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆದೆ. ಬಣ್ಣದ ಪಟ್ಟಿಯಲ್ಲಿ ಅಲ್ಲ, ಹನಿ ಎಣಿಸುವ ಕಿಟ್‌ನಲ್ಲಿ. ಹತ್ತು ಎಂಎಲ್ ನೀರಿಗೆ ಪುಡಿ ಹಾಕಿದ ಕೂಡಲೇ ಕಡು ಗುಲಾಬಿ ಆಗುತ್ತದೆ. ಆಮೇಲೆ ಒಂದೊಂದೇ ಹನಿ ಬಿಟ್ಟು, ಕುಲುಕಿ, ಬಣ್ಣ ಪೂರ್ತಿ ಹೋಗುವವರೆಗೆ ಎಣಿಸಬೇಕು. ಒಂದು ಹನಿಗೆ ಅರ್ಧ ಪಿಪಿಎಂ. ಮೊದಲ ಸಂಜೆ ಹನ್ನೊಂದು ಹನಿ, ಮರುದಿನ ನಾಲ್ಕೇ ಹನಿ. ಏಳು ಹನಿ ಕಮ್ಮಿ, ಅಂದರೆ ಒಂದು ದಿನದಲ್ಲಿ 3.5 ಪಿಪಿಎಂ ಖರ್ಚು. 10,000 ಗ್ಯಾಲನ್ ನೀರಿನಲ್ಲಿ 1 ಪಿಪಿಎಂ ಏರಿಸಲು 0.083 ಪೌಂಡ್ ಕ್ಲೋರಿನ್ ಬೇಕು. ನಮ್ಮ 15,000 ಗ್ಯಾಲನ್‌ಗೆ 0.125. ಅದನ್ನು 3.5ರಿಂದ ಗುಣಿಸಿದರೆ ಸುಮಾರು 0.44 ಪೌಂಡ್.

ಬೇಕಾದ್ದು 0.44, ಸಿಗುತ್ತಿದ್ದದ್ದು 0.23. ಪಾಚಿ ಬರದೇ ಇನ್ನೇನು ಬರಬೇಕು? ಆ ಯಂತ್ರದಲ್ಲೇ ಅಷ್ಟು ಕ್ಲೋರಿನ್ ತೆಗೆಯಬೇಕೆಂದರೆ ದಿನಕ್ಕೆ ಹದಿನೈದು ಗಂಟೆ ಪಂಪ್ ಓಡಿಸಬೇಕಿತ್ತು.

ಹಾಗಾಗಿ ಐಸಿ40. ಪೆಟ್ಟಿಗೆ ಮೇಲೆ 40,000 ಗ್ಯಾಲನ್ ಅಂತ ಇದೆ, ನಮ್ಮ ಪೂಲ್‌ನ ಎರಡೂವರೆ ಪಟ್ಟಿಗಿಂತ ಜಾಸ್ತಿ. "ಇಷ್ಟು ದೊಡ್ಡದು ಯಾಕೆ?" ಅಂತ ಹಾಕಲು ಬಂದವರೂ ಕೇಳಿದರು. ದಿನಕ್ಕೆ 1.4 ಪೌಂಡ್ ಮಾಡುತ್ತದೆ. ಎಂಟು ಗಂಟೆಗೆ 0.47. ನನಗೆ ಬೇಕಿದ್ದದ್ದು ಅಷ್ಟೇ, ಒಂಚೂರು ಮಿಕ್ಕುತ್ತದೆ. ದೊಡ್ಡದು ಹಾಕಿದರೆ ಕ್ಲೋರಿನ್ ಜಾಸ್ತಿಯಾಗುತ್ತದೆ ಅಂತ ಹೆದರಬೇಡಿ. ಶೇಕಡಾವಾರು ಇಳಿಸುವ ಬಟನ್ ಇದೆ. ಏಪ್ರಿಲ್‌ನಲ್ಲಿ, ಅಕ್ಟೋಬರ್‌ನಲ್ಲಿ ನಾನು 40ಕ್ಕೆ ಇಡುತ್ತೇನೆ. ದೊಡ್ಡದನ್ನು ತಗ್ಗಿಸಬಹುದು, ಚಿಕ್ಕದನ್ನು ನೂರರ ಮೇಲೆ ಏರಿಸಲಾಗದು, ಅಲ್ವಾ?

ದುಡ್ಡಿನ ಲೆಕ್ಕವೂ ಇದೆ. ಸೆಲ್‌ನ ಆಯಸ್ಸು ಸುಮಾರು 10,000 ಗಂಟೆ ಅಂತ ಹೇಳುತ್ತಾರೆ, ಅದು ಕ್ಲೋರಿನ್ ಮಾಡಿದ ಗಂಟೆ. ನನ್ನ ಬಳಕೆಯಲ್ಲಿ ವರ್ಷಕ್ಕೆ 1,400ರಿಂದ 1,500 ಗಂಟೆ ಆಗುತ್ತದೆ. ಚಿಕ್ಕದರಲ್ಲಿ ಇಷ್ಟೇ ಕ್ಲೋರಿನ್ ತೆಗೆದಿದ್ದರೆ ಅದರ ದುಪ್ಪಟ್ಟು ಓಡಬೇಕಿತ್ತು, ಮೂರೂವರೆ ವರ್ಷಕ್ಕೆ ಮುಗಿಯುತ್ತಿತ್ತು. ಕೊಳ್ಳುವಾಗ ಎರಡಕ್ಕೂ ಇದ್ದ ವ್ಯತ್ಯಾಸ ಇನ್ನೂರು ಡಾಲರ್ ಆಸುಪಾಸು.

ಉಪ್ಪು ಒಮ್ಮೆ ಹಾಕಿದರೆ ಬಹಳ ಕಾಲ ಬರುತ್ತದೆ, ಏಕೆಂದರೆ ಕೆಲಸ ಮುಗಿಸಿದ ಕ್ಲೋರಿನ್ ಮತ್ತೆ ಉಪ್ಪೇ ಆಗುತ್ತದೆ. ನೀರು ಚೆಲ್ಲಿದಾಗ ಮಾತ್ರ ಕಡಿಮೆಯಾಗುವುದು. ನಮ್ಮ ಪೂಲ್‌ಗೆ 40 ಪೌಂಡಿನ ಒಂದು ಚೀಲ ಹಾಕಿದರೆ 320 ಪಿಪಿಎಂ ಏರುತ್ತದೆ. 3,200ರ ಆಸುಪಾಸು ಇಟ್ಟಿದ್ದೇನೆ. ಅಮ್ಮ ಬಂದಾಗ ನೀರಿಗಿಳಿಯಲು ಹಿಂದೇಟು ಹಾಕಿದ್ದರು, ಮಲ್ಪೆ ಸಮುದ್ರದ ಹಾಗೆ ಕಣ್ಣು ಉರಿಯುತ್ತದೆ ಅಂತ. ಸಮುದ್ರದಲ್ಲಿ 35,000 ಪಿಪಿಎಂ, ಇದು ಅದರ ಹತ್ತನೇ ಒಂದು ಭಾಗವೂ ಇಲ್ಲ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ನೋಡಿ, "ಸಾರಿಗೆ ಉಪ್ಪು ಕಮ್ಮಿ ಆದಂಗಿದೆ" ಅಂದರು. ಆಮೇಲೆ ದಿನಾ ಸಂಜೆ ಮೊಮ್ಮಗಳ ಜೊತೆ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದರು.

ತೊಂದರೆಗಳನ್ನೂ ಹೇಳಬೇಕು. ಇವು ಯಾವ ಕಂಪನಿಯ ಯಂತ್ರಕ್ಕೂ ತಪ್ಪಿದ್ದಲ್ಲ. ಒಂದು, ಪಿಎಚ್ ಏರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್, ಹಾಕಲೇಬೇಕು. ಆಲ್ಕಲಿನಿಟಿಯನ್ನು, ಅಂದರೆ ನೀರಿನ ಕ್ಷಾರದ ಪ್ರಮಾಣವನ್ನು, 70 ಪಿಪಿಎಂ ಹತ್ತಿರ ಇಳಿಸಿದ ಮೇಲೆ ಆಸಿಡ್ ಖರ್ಚು ಅರ್ಧಕ್ಕೆ ಬಂತು. ಇನ್ನೊಂದು, ಇಲ್ಲಿಯ ನೀರು ಗಡಸು. ತಗಡಿನ ಮೇಲೆ ಸುಣ್ಣ ಕಟ್ಟುತ್ತದೆ. ಪೂಲ್‌ ತಳದಲ್ಲಿ ಬಿಳಿ ಚಕ್ಕೆ ಕಂಡರೆ ಸೆಲ್ ಬಿಚ್ಚುವ ಹೊತ್ತು ಬಂತು ಅಂತ ತಿಳಿಯುತ್ತೇನೆ. ಅದನ್ನು ತೊಳೆಯಲು ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್. ನೀರಿಗೆ ಆಸಿಡ್ ಹುಯ್ಯಬೇಕು, ಆಸಿಡ್‌ಗೆ ನೀರು ಯಾವತ್ತೂ ಬೇಡ. ಸುಮ್ನೆ ತಿಂಗಳಿಗೊಮ್ಮೆ ತೊಳೆಯಲು ಹೋಗಬೇಡಿ, ತಗಡಿನ ಲೇಪ ಸವೆಯುತ್ತದೆ. ಚಳಿಗಾಲದಲ್ಲಿ ನೀರು 52 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದರೆ ಐಸಿ40 ತಾನಾಗೇ ನಿಲ್ಲುತ್ತದೆ. ಆಗ ಒಂದಿಷ್ಟು ದಿನ ದ್ರವ ಕ್ಲೋರಿನ್ ಹಾಕುತ್ತೇನೆ.

ಸಯನ್ಯೂರಿಕ್ ಆಸಿಡ್ ಈಗಲೂ ಬೇಕು, ಆದರೆ 70 ಪಿಪಿಎಂನಷ್ಟು ಸಾಕು. ಅದಿಲ್ಲದೇ ಹೋದರೆ ಈ ಬಿಸಿಲಿಗೆ ಎಷ್ಟು ದೊಡ್ಡ ಯಂತ್ರ ತಂದರೂ ಸಾಲದು.

ಬೆಂಗಳೂರಿನಲ್ಲಿ ಫಾರ್ಮ್‌ಹೌಸ್ ಕಟ್ಟಿಸುತ್ತಿರುವ ಗೆಳೆಯನಿಗೂ ಇದೇ ಲೆಕ್ಕ ಹೇಳಿದೆ. ಅಲ್ಲಿ ಇನ್ನೂ ಸುಲಭ. 1,000 ಲೀಟರಿಗೆ 1 ಪಿಪಿಎಂ ಅಂದರೆ 1 ಗ್ರಾಂ. ಅವನದು 50,000 ಲೀಟರ್, ದಿನಕ್ಕೆ 4 ಪಿಪಿಎಂ ಇಟ್ಟುಕೊಂಡರೆ 200 ಗ್ರಾಂ. ಪಂಪ್ ಎಂಟು ಗಂಟೆ ಓಡಿದರೆ ಗಂಟೆಗೆ 25 ಗ್ರಾಂ ಮಾಡುವ ಯಂತ್ರ ಬೇಕು. ಅಂಗಡಿಯಲ್ಲಿ ಲೀಟರ್ ಬಿಟ್ಟು, ಗಂಟೆಗೆ ಎಷ್ಟು ಗ್ರಾಂ ಅಂತ ಕೇಳು ಅಂದೆ. ಬೋರ್‌ವೆಲ್ ನೀರಾದ್ದರಿಂದ ಸುಣ್ಣದ ಕಡೆಯೂ ಗಮನ ಇರಲಿ ಅಂದೆ.

ನಮ್ಮ ಸೆಲ್ ಇನ್ನೂ ಒಂದೂವರೆ, ಎರಡು ವರ್ಷ ಬರಬಹುದು. ಅದು ಮುಗಿದಾಗ ಐಸಿ60 ಹಾಕಿಸುತ್ತೇನೆ. ಅದು ದಿನಕ್ಕೆ 2 ಪೌಂಡ್ ಮಾಡುತ್ತದೆ, ಆರು ಗಂಟೆಗೆ ಅರ್ಧ ಪೌಂಡ್. ಜುಲೈನಲ್ಲೂ ನಸುಕಿಗೆ ಶುರುಮಾಡಿ, ಬಿಸಿಲೇರುವುದರೊಳಗೆ ಪಂಪ್ ಆರಿಸಬಹುದು.