ಎಲೆಕೋಸಿನ ಹುಳುವಿಗೆ ಸಾಸಿವೆ ಸಾಲೋ, ಕೆಂಪು ಕೋಸೋ?

ನಮ್ಮ ಮಾಲೂರು ಕಡೆ ಎಲೆಕೋಸು ಹಾಕಿದವರಿಗೆಲ್ಲ ಒಂದೇ ತಲೆನೋವು, ಡಿಬಿಎಂ (ಡೈಮಂಡ್‌ಬ್ಯಾಕ್ ಮಾತ್) ಅನ್ನುವ ಚಿಟ್ಟೆಯ ಹುಳು. ಮುಟ್ಟಿದರೆ ನೂಲು ಬಿಟ್ಟು ಜೋತಾಡುವ ಪುಟ್ಟ ಹಸಿರು ಹುಳು. ಎಷ್ಟೋ ಔಷಧಿ ಅದಕ್ಕೆ ನಾಟುವುದೇ ಇಲ್ಲ. ಬ್ಯಾಕ್ಟೀರಿಯಾದಿಂದ ಮಾಡುವ ಕೀಟನಾಶಕ ಬಿಟಿ ಪುಡಿಯನ್ನೂ ಹೊಲದಲ್ಲಿ ಮೊದಲು ಜಯಿಸಿದ್ದು ಇದೇ ಕೀಟ. ಅದಕ್ಕೇ ಬೆಳೆಯ ಸ್ವಂತ ಶಕ್ತಿ ಎಷ್ಟು ಅಂತ ನೋಡಹೊರಟೆ. ಒಂದು ಕಡೆ ಬರೀ ಹಸಿರು ಕೋಸು, ಅದರ ಪಕ್ಕ ಕೆಂಪು ಕೋಸು, ಒಂದಿಷ್ಟು ನವಿಲುಕೋಸು. ಸಾಸಿವೆ ಜೊತೆಗಿನ ಕೋಸನ್ನು ಮಾತ್ರ ಬೋರ್‌ವೆಲ್ ಆಚೆ ಹಾಕಿದೆ. ಹತ್ತಿರ ಇದ್ದರೆ ಸಾಸಿವೆ ಎಲ್ಲ ಕಡೆಯ ಚಿಟ್ಟೆಯನ್ನೂ ಎಳೆದು ಲೆಕ್ಕ ಕೆಡಿಸುತ್ತದೆ, ಅಲ್ವಾ?

ಬರೀ ಹಸಿರು ಕೋಸಿನ ಕಥೆ ನಿಮಗೆ ಗೊತ್ತು. ಎಲೆ ಜರಡಿ.

ಸಾಸಿವೆಯಷ್ಟು ಖಾರದ ಗಿಡಕ್ಕೆ ಹುಳು ಯಾಕೆ ಬರುತ್ತದೆ? ಕೋಸು, ಸಾಸಿವೆ ಜಾತಿಯ ಎಲ್ಲ ಗಿಡದಲ್ಲೂ ಗ್ಲುಕೋಸಿನೊಲೇಟ್ ಎಂಬ ರಾಸಾಯನಿಕ ಇರುತ್ತದೆ. ಅದನ್ನು ಒಡೆಯುವ ಕಿಣ್ವ ಬೇರೆ ಗೂಡಲ್ಲಿರುತ್ತದೆ. ಎಲೆ ಅಗಿದಾಗ ಎರಡೂ ಬೆರೆತು ಘಾಟು ಎಣ್ಣೆ ಹುಟ್ಟುತ್ತದೆ. ಬೇರೆ ಎಷ್ಟೋ ಹುಳುಗಳಿಗೆ ಅದು ವಿಷ. ಡಿಬಿಎಂ ಹುಳುವಿನ ಹೊಟ್ಟೆಯ ಕಿಣ್ವ ಮಾತ್ರ ಘಾಟು ಹುಟ್ಟುವ ಮೊದಲೇ ಅದನ್ನು ಕೆಡಿಸಿಬಿಡುತ್ತದೆ. ಸಾಲದ್ದಕ್ಕೆ ಆ ವಾಸನೆ ಹಿಡಿದೇ ತಾಯಿ ಚಿಟ್ಟೆ ಮೊಟ್ಟೆ ಇಡಲು ಬರುತ್ತದೆ! ಹಾಗಾಗಿ ಸಾಸಿವೆ ಕಾವಲುಗಾರನಲ್ಲ, ಬಲೆ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಕ್ರಮ ಇದು: 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಒಂದು ಸಾಲು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಕೋಸು ಗಡ್ಡೆ ಕಟ್ಟಲು ಶುರುವಾದಾಗ ಶೇ. 4ರ ಬೇವಿನ ಬೀಜದ ಕಷಾಯ. ನಾನೂ ಹಾಗೇ ಮಾಡಿದೆ. ಹುಳು ಸಾಸಿವೆಯಲ್ಲೇ ಜಾಸ್ತಿ ಕೂತಿತು, ಕೋಸು ಮಂಡಿಗೆ ಹೋಗುವ ಹಾಗೆ ಬಂತು. ಗಿಡದ ರಸ ಹೀರುವ ಸಸ್ಯಹೇನು ಕೂಡ ಸಾಸಿವೆಗೇ ಮುತ್ತಿತು, ಹಿಂದೆಯೇ ಅದನ್ನು ತಿನ್ನುವ ಗುಲಗಂಜಿ ಹುಳು ಬಂತು. ಆದರೆ ಸಾಸಿವೆ ಮೇಲೆ ಕಣ್ಣಿಡಬೇಕು. ಅಲ್ಲಿಯ ಹುಳು ಕೊಲ್ಲದೆ ಸುಮ್ನೆ ಬಿಟ್ಟರೆ ಅದೇ ಹುಳು ಸಾಕುವ ಕೊಟ್ಟಿಗೆ.

ಕೆಂಪು ಕೋಸಿಗೆ ಹಸಿರಿಗಿಂತ ತೂತು ಕಡಿಮೆ ಬಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಗಡ್ಡೆ ನಿಧಾನ, ತೂಕ ಕಮ್ಮಿ, ನಮ್ಮ ಮಂಡಿಯಲ್ಲಿ ಕೇಳುವವರಿಲ್ಲ. ಬೆಂಗಳೂರಿನ ಹೋಟೆಲಿಗೆ ಮೊದಲೇ ಮಾತಾಗಿದ್ದರೆ ಮಾತ್ರ ಹಾಕಿ. ನವಿಲುಕೋಸಿನ ಎಲೆ ತೂತಾದರೂ ಗೆಡ್ಡೆ ಮಾರಾಟವಾಯಿತು.

ನನ್ನ ಓಟು ಸಾಸಿವೆ ಸಾಲಿಗೆ. ಪಕ್ಕದ ರಾಗಿ ಹೊಲದ ಅಕ್ಕಡಿ (ರಾಗಿ ನಡುವೆ ಸಾಲು ಹಾಕಿದ) ಸಾಸಿವೆಯೇ ಸಾಕು ಅಂತ ಕೂರಬೇಡಿ. ಹೂ ಬಿಟ್ಟು ಎಲೆ ಬಲಿತ ಮೇಲೆ ಚಿಟ್ಟೆಗೆ ಅದು ಅಷ್ಟು ರುಚಿಸುವುದಿಲ್ಲ. ಎಳೆ ಸಾಸಿವೆಯೇ ಬೇಕು.