ಫೀಲ್ಡ್ ಸರ್ವಿಸ್ ಪೋಸ್ಟ್ ಕಾರ್ಡ್: ರೋಗಿ ಸೈನಿಕನ ಕೈಯಲ್ಲಿ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯು ತನ್ನ ಸೈನಿಕರಿಗೆ ಹಂಚುತ್ತಿದ್ದ ಫೀಲ್ಡ್ ಸರ್ವಿಸ್ ಪೋಸ್ಟ್ ಕಾರ್ಡನ್ನು, ಅಂದರೆ ಎ 2042 ಎಂಬ ನಮೂನೆಯನ್ನು, ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದವನಿಗೆ ಅದು ಎಷ್ಟರ ಮಟ್ಟಿಗೆ ಒದಗುತ್ತಿತ್ತು ಎಂಬ ದೃಷ್ಟಿಯಿಂದ ಇಲ್ಲಿ ವಿಮರ್ಶಿಸಲಾಗಿದೆ.

ಬಳಕೆ ಅತಿ ಸರಳ. ಕಾರ್ಡಿನ ಮೇಲೆ ಮೊದಲೇ ಅಚ್ಚಾದ ವಾಕ್ಯಗಳಲ್ಲಿ ಬೇಡವಾದವುಗಳ ಮೇಲೆ ಗೀಟೆಳೆದು, ಕೆಳಗೆ ಸಹಿ ಮತ್ತು ತಾರೀಖು ಹಾಕಿದರೆ ಮುಗಿಯಿತು. ಬೇರೆ ಏನನ್ನಾದರೂ ಸೇರಿಸಿದರೆ ಕಾರ್ಡನ್ನು ನಾಶಪಡಿಸಲಾಗುವುದು ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಹೇನುಗಳಿಂದ ಹರಡುತ್ತಿದ್ದ ಟ್ರೆಂಚ್ ಜ್ವರದಲ್ಲಿ ತಲೆ, ಮೊಣಕಾಲಿನ ಕೆಳಗಿನ ಮೂಳೆ ಸಿಡಿಯುತ್ತಿರುವಾಗ ಮನೆಯವರಿಗೆ ಏನು ಬರೆಯಲಿ ಎಂದು ಯೋಚಿಸುವ ತ್ರಾಣವಿಲ್ಲದವನಿಗೆ ಇದು ನಿಜಕ್ಕೂ ಉಪಕಾರ. ಸ್ವಂತ ಮಾತಿಗೆ ಎಡೆಯೇ ಇಲ್ಲದ್ದರಿಂದ ಅಧಿಕಾರಿಗಳು ಕೂತು ಓದಿ ಸೆನ್ಸಾರ್ ಮಾಡಬೇಕಾದದ್ದೂ ಇರಲಿಲ್ಲ. ಯುದ್ಧರಂಗದಿಂದ ಕಳುಹಿಸುವವನಿಗೆ ಅಂಚೆ ವೆಚ್ಚವೂ ಇಲ್ಲ. ಮನೆಯವರು ಬರೆಯುವ ಉತ್ತರಕ್ಕೆ ಮಾತ್ರ ಹಣ ತೆರಬೇಕೆಂದು ಕಾರ್ಡೇ ನೆನಪಿಸುತ್ತದೆ.

ದೋಷವಿರುವುದು ಆಸ್ಪತ್ರೆಯ ಸಾಲಿನಲ್ಲಿ. 'ನನ್ನನ್ನು ಆಸ್ಪತ್ರೆಗೆ ಸೇರಿಸಲಾಗಿದೆ' ಎಂದ ಮೇಲೆ ಕಾಯಿಲೆಯೋ ಗಾಯವೋ ಎಂದು ಆರಿಸಬಹುದು. ಅದರ ಮುಂದೆ ಸಿಗುವುದು ಎರಡೇ: 'ಚೇತರಿಸಿಕೊಳ್ಳುತ್ತಿದ್ದೇನೆ' ಅಥವಾ 'ಬೇಗ ಬಿಡುಗಡೆಯಾಗುವ ಭರವಸೆಯಿದೆ'. ಜ್ವರ ಇಳಿದಿಲ್ಲ, ಕಾಲು ಕೊಳೆಯುತ್ತಿದೆ ಎನ್ನುವವನು ಯಾವ ಸಾಲನ್ನು ಉಳಿಸಿಕೊಳ್ಳಬೇಕು? ಎರಡನ್ನೂ ಹೊಡೆದುಹಾಕಿದರೆ ಓದುವ ತಾಯಿಯ ಎದೆ ಒಡೆಯುತ್ತದೆ, ಒಂದನ್ನು ಉಳಿಸಿದರೆ ಸುಳ್ಳಿಗೆ ಸಹಿ ಹಾಕಿದಂತಾಗುತ್ತದೆ. ಶತ್ರುವಿಗೆ ಸುದ್ದಿ ಸಿಗಬಾರದೆಂಬ ಕಾರಣ ಊರಿನ ಹೆಸರನ್ನು ಬಿಡುವುದಕ್ಕೆ ಒಪ್ಪುತ್ತದೆ, ಒಬ್ಬನ ಜ್ವರವನ್ನು ಮುಚ್ಚಿಡುವುದಕ್ಕೆ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಈ ಕಾರ್ಡಿನಲ್ಲಿ ನಂಬಬಹುದಾದ ಆರೋಗ್ಯ ವರದಿಯೆಂದರೆ ಸಹಿಯ ಅಕ್ಷರಗಳ ನಡುಕವೊಂದೇ.

ಪತ್ರ ಬರೆಯುವಷ್ಟು ಚೈತನ್ಯ ಉಳಿದವರಿಗೆ ಬೇರೆ ದಾರಿಗಳಿದ್ದವು. ಫ್ರಾನ್ಸ್, ಇಂಗ್ಲೆಂಡುಗಳಿಂದ ಬರೆಯುತ್ತಿದ್ದ ಭಾರತೀಯ ಸೈನಿಕರು, ಹಲವೊಮ್ಮೆ ಇನ್ನೊಬ್ಬರ ಕೈಯಿಂದ ಬರೆಸಿ, ತಮ್ಮವರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಕರೆದು ಸೆನ್ಸಾರಿನ ಕಣ್ಣು ತಪ್ಪಿಸಲು ನೋಡಿದರು. ಆ ಜಾಣತನ ಎಷ್ಟೋ ಸಲ ಸಿಕ್ಕಿಬಿದ್ದದ್ದೂ ಉಂಟು. 1915ರಲ್ಲಿ ಬಂದ ಹಸಿರು ಲಕೋಟೆಯಲ್ಲಿ ಹಾಕಿದ ಮನೆಯ ಮಾತನ್ನು ಸ್ವಂತ ದಳದ ಅಧಿಕಾರಿ ಓದುತ್ತಿರಲಿಲ್ಲ, ಆದರೆ ಯುದ್ಧರಂಗದ ಹಿಂಬದಿಯ ಸೇನಾನೆಲೆಯಲ್ಲಿ ಒಡೆದು ನೋಡುವ ಹಕ್ಕನ್ನು ಸೇನೆ ಉಳಿಸಿಕೊಂಡಿತ್ತು.

ಆಸ್ಪತ್ರೆ ಸೇರಿದ ಮೊದಲ ದಿನ, ಬದುಕಿದ್ದೇನೆಂದು ತಿಳಿಸುವುದಕ್ಕೆ ಈ ಕಾರ್ಡಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಕಾಯಿಲೆ ವಾರಗಟ್ಟಲೆ ಎಳೆದರೆ ಎರಡಕ್ಕಿಂತ ಹೆಚ್ಚು ಸಲ್ಲದು. ಆಗ ಪಕ್ಕದ ಹಾಸಿಗೆಯವನನ್ನೋ ದಾದಿಯನ್ನೋ ಕೇಳಿ ನಾಲ್ಕು ಸಾಲು ಬರೆಸುವುದೇ ಮೇಲು.